ವೇಗದ ಫೋನಿಗೆ ಈಗಲೇ ಅವಸರವೇ?

(ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ 2023ರ ಸೆಪ್ಟೆಂಬರಿನಲ್ಲಿ, ಶ್ರಾವಣದ ಕೊನೆಯ ವಾರದ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಈ ತಿಂಗಳಿಡೀ ಇಲ್ಲಿ ದೊಡ್ಡ ದೊಡ್ಡ ವಿಷಯಗಳ ಮೇಲೆ ಮಾತಾಗಿದೆ. ಕಾಯಕ, ದಾಸೋಹ, ಇಷ್ಟಲಿಂಗ, ಶರಣರ ಜೀವನ. ನನಗೆ ಕೊಟ್ಟ ವಿಷಯ ಮಾತ್ರ ಫೋನು. ಕೆಲವರು ನಗುತ್ತಿದ್ದೀರಿ, ನಗಿರಿ. ಆದರೆ ಈ ವಿಷಯ ನಾನಾಗಿ ಆರಿಸಿಕೊಂಡಿದ್ದಲ್ಲ. ಹದಿನೈದು ದಿನದ ಹಿಂದೆ ನಿಮ್ಮೂರಿನ ಮಹಿಳಾ ಸಂಘದ ಇಬ್ಬರು ತಾಯಂದಿರು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. "ಅಣ್ಣಾರೆ, ಸಂಘದಾಗೆ ಹನ್ನೆರಡು ಮಂದಿ 5ಜಿ ಫೋನಿಗೆ ಸಾಲ ಕೇಳಿದಾರೆ. ಕೊಡಬೇಕಾ ಬ್ಯಾಡ್ವಾ ಅಂತ ಜಗಳ ಬಿದ್ದೈತಿ. ನೀವು ಟೆಲಿಫೋನಿನಾಗೆ ಇದ್ದೋರು, ಬಂದು ಒಂದು ಮಾತು ಹೇಳ್ರಿ" ಅಂದರು. ಹಾಗಾಗಿ ನಾನು ಬಂದಿರುವುದು ಉಪನ್ಯಾಸಕ್ಕಲ್ಲ, ಒಂದು ಪಂಚಾಯಿತಿಗೆ.

ಈ ವರ್ಷ ಎಂಥ ವರ್ಷ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಗಸ್ಟ್ ತಿಂಗಳು ಮಳೆ ಇಲ್ಲದೆ ಒಣಗಿ ಹೋಯಿತು. ಭದ್ರಾ ಜಲಾಶಯ ತುಂಬಲಿಲ್ಲ. ನಾಲೆಯಲ್ಲಿ ನೀರು ಎಷ್ಟು ದಿನ ಹರಿಯುತ್ತದೆ ಎಂಬ ಮಾತು ಇನ್ನೂ ಇತ್ಯರ್ಥವಾಗಿಲ್ಲ, ಕೊನೆಭಾಗದವರು ನಾವು. ಆ ಕಡೆ ಗೃಹಲಕ್ಷ್ಮಿ ಯೋಜನೆಗೆ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿದೆ, ತಾಯಂದಿರ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಹಣ ಖಾತೆಗೆ ಬೀಳುವ ಮೊದಲೇ ಅದರ ಮೇಲೆ ಕಂತಿನ ಲೆಕ್ಕ ಹಾಕಿದ್ದೇವೆ. 15,000ದ ಫೋನು, ತಿಂಗಳಿಗೆ 1,500 ಕಂತು, ಹತ್ತು ತಿಂಗಳು. ಬಡ್ಡಿ ಬೇರೆ. ಹನ್ನೆರಡು ಮಂದಿಗೆ ಕೊಟ್ಟರೆ ಸಂಘದ 1,80,000 ರೂಪಾಯಿ ಫೋನಿನಲ್ಲಿ ಕೂತಂತೆ. ಬಿತ್ತನೆ ಕೈಕೊಟ್ಟ ವರ್ಷದಲ್ಲಿ ಆ ದುಡ್ಡು ಬೇರೆ ಯಾವುದಕ್ಕೆ ಬೇಕಾದೀತು ಅನ್ನುವುದನ್ನು ನೀವೇ ಯೋಚಿಸಿ.

ಇದರಲ್ಲಿ ನನ್ನ ಬುದ್ಧಿ ಎಷ್ಟು ನಂಬಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ. ಮೂವತ್ತೈದು ವರ್ಷ ಕಂಬ ಹತ್ತಿ, ಕೇಬಲ್ ಜೋಡಿಸಿ, ಎಕ್ಸ್‌ಚೇಂಜಿನಲ್ಲಿ ರಾತ್ರಿಪಾಳಿ ಮಾಡಿದವನು ನಾನು. ಆದರೂ ಎರಡು ಸಾರಿ ಎಡವಿದ್ದೇನೆ. ಎರಡೂ ಇದೇ ಊರಿನಲ್ಲಿ.

ಮೊದಲನೆಯದು ನನ್ನ ಅಕ್ಕನ ಮಗನಿಗೆ ಕೊಟ್ಟ ಸಲಹೆ. 2021ರಲ್ಲಿ ಅವನು ಭತ್ತದ ದುಡ್ಡು ಕೈಯಲ್ಲಿ ಹಿಡಿದು, "ಮಾವ, ಫೋನು ತಗೋಬೇಕು, ಯಾವುದು ತಗಳ್ಳಿ?" ಅಂತ ಕೇಳಿದ. ನಾನು ದೊಡ್ಡ ಜಾಣನ ಹಾಗೆ, "4ಜಿ ತಗೋಬ್ಯಾಡ, ನಾಳೆ 5ಜಿ ಬರುತ್ತೆ. ಈಗಲೇ 5ಜಿ ಫೋನು ತಗೊಂಡರೆ ನಾಲ್ಕು ವರ್ಷ ಚಿಂತೆ ಇಲ್ಲ" ಅಂದೆ. 24,000 ಕೊಟ್ಟ. ಆಗ ದೇಶದಲ್ಲಿ 5ಜಿ ಇರಲೇ ಇಲ್ಲ. ತರಂಗಗಳ ಹರಾಜು ಮುಗಿದದ್ದು 2022ರ ಆಗಸ್ಟ್ 1ರಂದು. ಪ್ರಧಾನಿಗಳು ದೆಹಲಿಯಲ್ಲಿ ಸೇವೆಗೆ ಚಾಲನೆ ಕೊಟ್ಟದ್ದು ಅಕ್ಟೋಬರ್ 1ರಂದು. ಏರ್‌ಟೆಲ್ ಮೊದಲ ದಿನ ಎಂಟು ನಗರಗಳ ಹೆಸರು ಹೇಳಿತು, ನಮ್ಮ ರಾಜ್ಯದಿಂದ ಬೆಂಗಳೂರು ಒಂದೇ. ದಾವಣಗೆರೆಗೆ ಬಂದದ್ದು ಈ ವರ್ಷ, 2023ರಲ್ಲಿ. ಅಷ್ಟು ಹೊತ್ತಿಗೆ ಹುಡುಗನ ಫೋನಿನ ಬ್ಯಾಟರಿ ಅರ್ಧ ದಿನಕ್ಕೆ ಬಂದಿತ್ತು, ಕಂಪನಿ ಕೊಡುವ ಸಾಫ್ಟ್‌ವೇರ್ ಅಪ್‌ಡೇಟ್ ಮುಗಿದಿತ್ತು.

ಅದಕ್ಕಿಂತ ದೊಡ್ಡ ತಮಾಷೆ ಮುಂದೆ ಇದೆ. 5ಜಿ ಅಂದರೆ ಒಂದೇ ಬಗೆಯದಲ್ಲ. ಏರ್‌ಟೆಲ್‌ನವರು ಹಳೆಯ 4ಜಿ ವ್ಯವಸ್ಥೆಯ ಬೆನ್ನ ಮೇಲೆ 5ಜಿ ಕೂರಿಸಿದ್ದಾರೆ. ಜಿಯೋದವರು 4ಜಿಯ ಆಸರೆ ಇಲ್ಲದೆ ಬೇರೆಯಾಗಿಯೇ ಕಟ್ಟಿದ್ದಾರೆ. ಮೊದಮೊದಲು ಬಂದ ಕೆಲವು ಫೋನುಗಳಿಗೆ ಮೊದಲನೆಯ ಬಗೆ ಗೊತ್ತು, ಎರಡನೆಯದಕ್ಕೆ ಫೋನು ತಯಾರಿಸಿದವರು ಅಪ್‌ಡೇಟ್ ಕೊಡಬೇಕು. ನಮ್ಮ ಹುಡುಗನ ಫೋನಿಗೆ ಅದು ಬರಲೇ ಇಲ್ಲ. ಡಬ್ಬಿಯ ಮೇಲೆ 5ಜಿ ಅಂತ ದಪ್ಪಕ್ಷರದಲ್ಲಿದೆ, ಪರದೆಯ ಮೇಲೆ ಒಂದು ದಿನವೂ ಕಾಣಲಿಲ್ಲ. ಈಗ ಅದಕ್ಕಿಂತ ಚೆನ್ನಾದ ಫೋನು 15,000ಕ್ಕೆ ಸಿಗುತ್ತದೆ. ಅವನು ಇವತ್ತು ಬಂದಿಲ್ಲ. ಬಂದಿದ್ದರೂ ನನ್ನ ಮಾತು ಕೇಳುತ್ತಿದ್ದನೋ ಇಲ್ಲವೋ.

ಎರಡನೆಯದು ನಗುವ ವಿಷಯವಲ್ಲ. ದಾವಣಗೆರೆಯಲ್ಲಿ 5ಜಿ ಬಂತು ಅಂತ ನಾನೇ ಒಂದು ಹೊಸ ಫೋನು ಕೊಂಡೆ. ನಮ್ಮ ಮನೆ ಊರಂಚಿನ ಬಡಾವಣೆಯಲ್ಲಿದೆ. ಅಲ್ಲಿ 5ಜಿ ಸಿಗ್ನಲ್ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಸಿಗ್ನಲ್ ಹೀಗೆ ತೂಗಾಡುವ ಕಡೆ ಫೋನು ಸುಮ್ಮನಿರುವುದಿಲ್ಲ. 5ಜಿ ಹುಡುಕುತ್ತದೆ, ಸಿಗದೆ 4ಜಿಗೆ ಇಳಿಯುತ್ತದೆ, ಮತ್ತೆ ಹುಡುಕುತ್ತದೆ. ಜೇಬಿನಲ್ಲಿದ್ದರೂ ಬಿಸಿಯಾಗುತ್ತದೆ. ಮೇ ತಿಂಗಳ ಒಂದು ರಾತ್ರಿ ಚಾರ್ಜಿಗೆ ಹಾಕುವುದು ಮರೆತು ಮಲಗಿದೆ. ಅದೇ ರಾತ್ರಿ ಈ ಊರಿನಲ್ಲಿ ನನ್ನ ಅಕ್ಕ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಗ ಊರಲ್ಲಿರಲಿಲ್ಲ. ಪಕ್ಕದ ಮನೆಯವರು ನನಗೆ ಹನ್ನೊಂದು ಸಾರಿ ಕರೆ ಮಾಡಿದ್ದಾರೆ. ನನ್ನ ಫೋನು ಸತ್ತಿತ್ತು. ಅವರೇ ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ ಹರಿಹರಕ್ಕೆ ಕರೆದುಕೊಂಡು ಹೋದರು. ಆ ಮನೆಯವರು ಇಲ್ಲೇ ಕೂತಿದ್ದಾರೆ, ಅವರಿಗೆ ನಾನು ಇನ್ನೊಮ್ಮೆ ಕೈ ಮುಗಿಯುತ್ತೇನೆ. ನನಗೆ ಗೊತ್ತಾದದ್ದು ಬೆಳಿಗ್ಗೆ ಆರಕ್ಕೆ. ಆಸ್ಪತ್ರೆಗೆ ಓಡಿ ಹೋದರೆ ಅಕ್ಕ ಆ ನೋವಿನಲ್ಲೂ, "ನಿನ್ನ ಫೋನು ಎದ್ದೇಳಾಕೆ ಎಷ್ಟು ಜಿ ಬೇಕಪ್ಪಾ?" ಅಂತ ಕೇಳಿದಳು.

ಅವತ್ತೇ ನನ್ನ ಫೋನಿನ ಸೆಟ್ಟಿಂಗಿನಲ್ಲಿ 4ಜಿಗೆ ಇಳಿಸಿಟ್ಟೆ. ಈಗ ರಾತ್ರಿ ಹತ್ತಕ್ಕೂ ಅರ್ಧ ಚಾರ್ಜು ಇರುತ್ತದೆ. ಚಾರ್ಜಿಗೆ ಹಾಕದಿದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಸಿಗ್ನಲ್ಲಿನ ಅಂಚಿನಲ್ಲಿ ಕೂತು ವೇಗಕ್ಕೆ ಆಸೆಪಟ್ಟದ್ದು ಅದಕ್ಕಿಂತ ಮೊದಲಿನ ತಪ್ಪು.

ಈಗ ನಿಮ್ಮೂರಿನ ಮಾತಿಗೆ ಬರೋಣ. ನೀವು ನಾಲೆ ಕಂಡವರು, ನಿಮಗೆ ಇದು ಬೇಗ ತಿಳಿಯುತ್ತದೆ. ನಿಮ್ಮ ಹೊಲಗಾಲುವೆಯನ್ನು ಎರಡು ಅಡಿ ಇದ್ದದ್ದು ಆರು ಅಡಿ ಅಗಲ ಮಾಡಿದಿರಿ ಅಂತಿಟ್ಟುಕೊಳ್ಳಿ. ಮೇಲಿನ ನಾಲೆಯಲ್ಲೇ ನೀರಿಲ್ಲದಿದ್ದರೆ ಗದ್ದೆಗೆ ಹೆಚ್ಚು ನೀರು ಬರುತ್ತದೆಯೇ? ಫೋನಿನಿಂದ ಟವರಿನವರೆಗೆ ಇರುವುದು ಹೊಲಗಾಲುವೆ. ಟವರಿನಿಂದಾಚೆ ನೆಲದೊಳಗೆ ಹೋಗುವ ಗಾಜಿನ ತಂತಿ, ಫೈಬರ್, ಅದು ನಾಲೆ. ಹಳ್ಳಿಗಾಡಿನ ಎಷ್ಟೋ ಟವರುಗಳಿಗೆ ಫೈಬರ್ ಬಂದಿಲ್ಲ. ಒಂದು ಟವರಿನ ತಟ್ಟೆಯಿಂದ ಇನ್ನೊಂದು ಟವರಿನ ತಟ್ಟೆಗೆ ಗಾಳಿಯಲ್ಲೇ ಸಾಗಿಸುತ್ತಾರೆ. ಅಂಥ ಟವರಿಗೆ 5ಜಿ ಪೆಟ್ಟಿಗೆ ಕಟ್ಟಿದರೂ ಹಿಂದಿನಿಂದ ಬರುವುದೇ ಅಷ್ಟು. ಆದ್ದರಿಂದ ಹಳ್ಳಿಯವರು ಕೇಳಬೇಕಾದ ಮೊದಲ ಪ್ರಶ್ನೆ 5ಜಿ ಯಾವಾಗ ಅಂತಲ್ಲ, ನಮ್ಮ ಟವರಿಗೆ ಫೈಬರ್ ಬಂದಿದೆಯಾ ಅಂತ.

ಇನ್ನೊಂದು ಕಡೆಯಿಂದಲೂ ನೋಡಿ. ಕಳೆದ ಜುಲೈನಲ್ಲಿ ಗೃಹಲಕ್ಷ್ಮಿ ಅರ್ಜಿಗೆ ಗ್ರಾಮ ಒನ್ ಮುಂದೆ ಸಾಲು ನಿಂತಿರಲ್ಲ, ಮಧ್ಯಾಹ್ನದವರೆಗೂ 'ಸರ್ವರ್ ಡೌನ್' ಅಂದರು. ಅವತ್ತು ಕೆಲವರು ನನಗೆ, "5ಜಿ ಇದ್ದಿದ್ದರೆ ಬೇಗ ಆಗ್ತಿತ್ತು" ಅಂದರು. ಆಗುತ್ತಿರಲಿಲ್ಲ. ಸಿಕ್ಕಿಕೊಂಡಿದ್ದು ಆ ತುದಿಯ ಕಂಪ್ಯೂಟರಿನಲ್ಲಿ, ನಿಮ್ಮ ತುದಿಯ ದಾರಿಯಲ್ಲಲ್ಲ. ಪಹಣಿ ತೆಗೆಯುವುದು, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಫೋಟೋ ಹಾಕುವುದು, ಯುಪಿಐನಲ್ಲಿ ಗೊಬ್ಬರದ ಅಂಗಡಿಗೆ ದುಡ್ಡು ಕಳಿಸುವುದು, ಮಠದ ಪ್ರವಚನ ಯೂಟ್ಯೂಬಿನಲ್ಲಿ ನೋಡುವುದು, ಇವುಗಳಲ್ಲಿ ಯಾವುದಕ್ಕೂ 5ಜಿ ಬೇಕಿಲ್ಲ. ಕೈಯಳತೆಯ ಪರದೆಯಲ್ಲಿ ಪ್ರವಚನದ ವಿಡಿಯೋ ಸರಾಗವಾಗಿ ಓಡಲು ಸೆಕೆಂಡಿಗೆ ಒಂದೆರಡು ಮೆಗಾಬಿಟ್ ಸಾಕು. ಯುಪಿಐಗೆ ಅದರಲ್ಲಿ ಚೂರು. ನೆಟ್ಟಗೆ ಬರುವ 4ಜಿ ಇವೆಲ್ಲವನ್ನೂ ಮಾಡಿ ಮುಗಿಸುತ್ತದೆ. ನಿಮ್ಮ ಕಷ್ಟ 4ಜಿ ಸಾಲದ್ದಲ್ಲ, ಮನೆಯೊಳಗೆ ಅದೂ ಬಾರದಿರುವುದು.

ಹಾಗಾದರೆ 5ಜಿ ಬರೀ ಆಡಂಬರವೇ? ಹಾಗೆ ಅಂದುಬಿಟ್ಟರೆ ಅದೂ ಸುಳ್ಳು. ಉಕ್ಕಡಗಾತ್ರಿಗೆ ಅಮಾವಾಸ್ಯೆಯ ದಿನ ಹೋದವರಿಗೆ ಗೊತ್ತು, ಸಿಗ್ನಲ್ ನಾಲ್ಕು ಕಡ್ಡಿ ತೋರಿಸುತ್ತದೆ, ಕಾಯಿ ಅಂಗಡಿಯವನಿಗೆ ದುಡ್ಡು ಹೋಗುವುದಿಲ್ಲ. ಒಂದೇ ಟವರಿನ ಕೆಳಗೆ ಸಾವಿರಾರು ಜನ ನೆರೆದಾಗ 4ಜಿ ಉಸಿರುಗಟ್ಟುತ್ತದೆ. 5ಜಿಯ ನಿಜವಾದ ಬಲ ಇರುವುದು ಅಲ್ಲಿ, ಒಟ್ಟಿಗೆ ಹೆಚ್ಚು ಮಂದಿಯನ್ನು ಹೊರುವುದರಲ್ಲಿ. ಪೇಟೆಯಲ್ಲಿ ಒಂದಷ್ಟು ಜನ 5ಜಿಗೆ ಹೋದರೆ 4ಜಿಯಲ್ಲಿ ಉಳಿದವರಿಗೂ ದಾರಿ ಸಡಿಲವಾಗುತ್ತದೆ. ಮೊದಲು ಹೋದವರು ದುಡ್ಡು ಕೊಟ್ಟು ಮಾಡಿಕೊಟ್ಟ ಅನುಕೂಲ ಅದು, ಕಾದವರಿಗೆ ಬಿಟ್ಟಿಯಾಗಿ ಸಿಗುತ್ತದೆ.

ಕಾಯುವುದು ಯಾವಾಗಲೂ ಒಳ್ಳೆಯದೇ ಅಂತಲೂ ನಾನು ಹೇಳುವುದಿಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಕೈಯಲ್ಲಿ 4ಜಿ ಫೋನು ಇದ್ದ ಮನೆಯ ಮಕ್ಕಳು ಪಾಠ ಕೇಳಿದರು, ಕೀಲಿಮಣೆ ಫೋನು ಇದ್ದ ಮನೆಯ ಮಕ್ಕಳು ದನ ಕಾದರು. ಮಲೆನಾಡಿನಲ್ಲಿ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದನ್ನು ಪತ್ರಿಕೆಯಲ್ಲಿ ನೋಡಿದಿರಿ. ಅವತ್ತು 'ನಮಗ್ಯಾಕೆ ಅದೆಲ್ಲ' ಅಂದವರು ನಮ್ಮಲ್ಲೂ ಇದ್ದರು. ಅದರ ದಂಡ ಕಟ್ಟಿದ್ದು ಅವರಲ್ಲ, ಮಕ್ಕಳು.

ಹಿಂದಿನದನ್ನು ಸ್ವಲ್ಪ ನೆನೆಯುತ್ತೇನೆ, ವಯಸ್ಸಾದವರ ಚಟ. ಮೊಬೈಲಿನಲ್ಲಿ ದೇಶದ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತದಿಂದ ದೆಹಲಿಗೆ. ಆಗ ನಿಮಿಷಕ್ಕೆ 16 ರೂಪಾಯಿಯವರೆಗೆ ಇತ್ತು, ಬಂದ ಕರೆಗೂ ದುಡ್ಡು. ಬಂದ ಕರೆ ಬಿಟ್ಟಿಯಾದದ್ದು 2003ರಲ್ಲಿ. ಎಂಟು ವರ್ಷ ಕಾದವನು ಬಡವನಾಗಲಿಲ್ಲ. ಆ 2003ರಲ್ಲೇ ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತ ಒಂದು ಕಂಪನಿಯ ಫೋನಿಗೆ ನಾನು ಮುಗಿಬಿದ್ದೆ. ಅದಕ್ಕೆ ಬೇರೆ ಸಿಮ್ ಹಾಕುವ ಹಾಗೇ ಇರಲಿಲ್ಲ. ಮುಂದೆ ಆ ತಂತ್ರಜ್ಞಾನವೇ ಮುಚ್ಚಿಹೋಯಿತು, ಫೋನು ಮೊಮ್ಮಕ್ಕಳ ಆಟಿಕೆಯಾಯಿತು. 3ಜಿ ಬಂದಾಗ ಎಷ್ಟು ಅಬ್ಬರ! ಖಾಸಗಿ ಕಂಪನಿಗಳು ಶುರುಮಾಡಿದ್ದು 2010-11ರ ಸುಮಾರಿಗೆ. 2020ರ ಹೊತ್ತಿಗೆ ಏರ್‌ಟೆಲ್ ಅದನ್ನು ಮುಚ್ಚಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು, 2017ರ ಮಾರ್ಚ್‌ವರೆಗೆ ಎಲ್ಲ ಬಿಟ್ಟಿ, ಆಮೇಲೆ ದರ. ಈಗ 5ಜಿಗೂ ಅದೇ ನಡೆದಿದೆ. 239ರ ಮೇಲಿನ ಪ್ಯಾಕ್ ಹಾಕಿಸಿದವರಿಗೆ 5ಜಿ ಡೇಟಾ ಮಿತಿಯಿಲ್ಲದೆ ಕೊಡುತ್ತಿದ್ದಾರೆ. ಒಂದೂವರೆ ಲಕ್ಷ ಕೋಟಿಯ ಹರಾಜಿನಲ್ಲಿ ತರಂಗ ಕೊಂಡವರು ಇದನ್ನು ಎಷ್ಟು ದಿನ ಹೀಗೇ ಕೊಡುತ್ತಾರೆ ಅಂತ ನನಗಿಂತ ಎಪಿಎಂಸಿಯಲ್ಲಿ ವ್ಯಾಪಾರ ಮಾಡುವವರಿಗೆ ಚೆನ್ನಾಗಿ ಗೊತ್ತು. ಬಿಟ್ಟಿ ಡೇಟಾ ನಂಬಿ 15,000ದ ಸಾಲ ಮಾಡಬೇಡಿ.

ನನಗೆ ತುಂಬ ಹೆಮ್ಮೆಯ ಒಂದು ಸಂಗತಿ ಇದೆ, ಹೇಳದೆ ಹೋಗಲಾರೆ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಹೊರದೇಶದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಹಳ್ಳಿಯಲ್ಲಿ ಅದೆಲ್ಲಿಂದ ತರುವುದು? 1984ರಲ್ಲಿ ಸಿ-ಡಾಟ್ ಅಂತ ಸಂಸ್ಥೆ ಕಟ್ಟಿ, ನಮ್ಮ ಬಿಸಿಲು, ಧೂಳು, ಹೋಗಿ ಬರುವ ಕರೆಂಟು ತಾಳುವಂತಹ 128 ಲೈನಿನ ಸಣ್ಣ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ಅದರ ಮೊದಲನೆಯದನ್ನು ಕೂರಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅದು ಜಗತ್ತಿನ ಅತಿ ವೇಗದ ಯಂತ್ರವಲ್ಲ. ನಮ್ಮ ಊರಿನಲ್ಲಿ ನಿಲ್ಲುವ ಯಂತ್ರ. ಹಳ್ಳಿಹಳ್ಳಿಗೆ ಫೋನು ಮುಟ್ಟಿದ್ದು ಅಂಥದರಿಂದ.

ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ, 5ಜಿಯಿಂದ ರೋಗ ಬರುತ್ತದೆಯೇ ಅಂತ. ಚುಟುಕಾಗಿ ಹೇಳುತ್ತೇನೆ. ಟವರಿನ ವಿಕಿರಣಕ್ಕೆ ನಮ್ಮ ಸರ್ಕಾರ 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಭಾಗವನ್ನೇ ಮಿತಿ ಮಾಡಿದೆ. ವಾಟ್ಸ್‌ಆ್ಯಪಿನಲ್ಲಿ ಬರುವ ಸತ್ತ ಹಕ್ಕಿಗಳ ಚಿತ್ರ ನೋಡಿ ಹೆದರಬೇಡಿ. ಭಯ ಬಿತ್ತುವವರನ್ನು ಪ್ರಶ್ನೆ ಮಾಡುವುದನ್ನು ಈ ವೇದಿಕೆಯಲ್ಲಿ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇವೆ, ಫೋನಿನ ವಿಷಯಕ್ಕೂ ಅದು ಸೇರುತ್ತದೆ.

ನಿಜವಾಗಿ ಹೆದರಬೇಕಾದದ್ದು ಬೇರೆ. "ನಿಮ್ಮ ಸಿಮ್ 5ಜಿ ಮಾಡ್ತೀವಿ, ಒಟಿಪಿ ಹೇಳಿ" ಅಂತ ಕರೆ ಬರುತ್ತದೆ. ಈ ಊರಿನ ಒಬ್ಬ ತಾಯಿಗೂ ಬಂದಿತ್ತು, ಮೊಮ್ಮಗಳು ಕೈಯಿಂದ ಫೋನು ಕಿತ್ತುಕೊಂಡು ಕರೆ ಕಡಿದಳು, ಉಳಿಯಿತು. ನೆನಪಿಡಿ, ಏರ್‌ಟೆಲ್ ಆಗಲಿ ಜಿಯೋ ಆಗಲಿ, ಈಗಿರುವ 4ಜಿ ಸಿಮ್ಮಿನಲ್ಲೇ 5ಜಿ ನಡೆಯುತ್ತದೆ. ಸಿಮ್ ಬದಲಿಸುವುದು ಬೇಕಿಲ್ಲ, ಯಾರಿಗೂ ಒಟಿಪಿ ಹೇಳುವುದು ಬೇಕಿಲ್ಲ. ಅಕಸ್ಮಾತ್ ದುಡ್ಡು ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ, ನಾಚಿಕೊಂಡು ಕೂರಬೇಡಿ.

ಇನ್ನು ಆ ಹನ್ನೆರಡು ಅರ್ಜಿ. ನಿನ್ನೆ ಸಂಜೆ ಅರ್ಜಿ ಹಾಕಿದ ತಾಯಂದಿರ ಜೊತೆ ಕೂತು ಒಬ್ಬೊಬ್ಬರನ್ನೇ ಕೇಳಿದೆ, ಏತಕ್ಕೆ ಬೇಕು ಅಂತ. ಏಳು ಮಂದಿಯ ಫೋನು ಸರಿಯಾಗಿಯೇ ಇದೆ, 4ಜಿ. ಬೇರೆಯವರು ತಗೊಳ್ಳುತ್ತಾರೆ ಅಂತ ಇವರೂ ಹೆಸರು ಬರೆಸಿದ್ದಾರೆ. ಅವರೇ ನಗುತ್ತಾ ಹೆಸರು ತೆಗೆಸಿದರು, ನಾನು ಹೇಳಲೇ ಇಲ್ಲ. ಒಬ್ಬ ತಾಯಿ ಬಟ್ಟೆ ಹೊಲಿಯುತ್ತಾರೆ, ರವಿಕೆಯ ಮಾದರಿಗಳು ವಾಟ್ಸ್‌ಆ್ಯಪಿನಲ್ಲಿ ಬರುತ್ತವೆ, ಫೋಟೋ ತೆರೆದುಕೊಳ್ಳುವುದಿಲ್ಲ ಅಂದರು. ನೋಡಿದರೆ ಫೋನಿನ ಒಳಗೆ ಜಾಗವೇ ಇಲ್ಲ, ಐದು ವರ್ಷದ ಶುಭೋದಯ ಚಿತ್ರಗಳು ತುಂಬಿವೆ. ಅಳಿಸಿದೆವು, ಕುದುರೆಯ ಹಾಗೆ ಓಡುತ್ತಿದೆ. ಇಬ್ಬರದು ಇನ್ನೂ 2ಜಿ ಕೀಲಿಮಣೆ ಫೋನು. ಅವರಿಗೆ 5ಜಿ ಅಲ್ಲ, ಮೊದಲು 4ಜಿ ಬೇಕು. ಮಾತಾಡುವುದು, ದುಡ್ಡು ಕಳಿಸುವುದು ಇಷ್ಟೇ ಸಾಕಾದರೆ ಜುಲೈನಿಂದ 999ಕ್ಕೆ 4ಜಿ ಕೀಲಿಮಣೆ ಫೋನು ಬಂದಿದೆ, ಅದಕ್ಕೆ ಸಾಲವೇ ಬೇಡ.

ಉಳಿದವರು ಇಬ್ಬರು. ಒಬ್ಬರ ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾಳೆ, ಇರುವ ಫೋನಿನ ಪರದೆ ಒಡೆದು ಅರ್ಧ ಕಪ್ಪಾಗಿದೆ. ಅವಳಿಗೆ ಕೊಡಿ. ಅವಳಿರುವ ಕಡೆ 5ಜಿ ಇದೆ, ಇವತ್ತು ಹೊಸದಾಗಿ ಕೊಳ್ಳುವವರು 4ಜಿ ಕೊಂಡರೆ ಮುಂದೆ ಮತ್ತೆ ಕೊಳ್ಳಬೇಕಾಗುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ 5ಜಿ ಅಕ್ಷರ ನೋಡಿ ಸುಮ್ಮನಾಗಬೇಡಿ, ಎರಡೂ ಬಗೆಯ 5ಜಿ ನಡೆಯುತ್ತದೆಯೇ, 700 ಮತ್ತು 3300 ಮೆಗಾಹರ್ಟ್ಜ್ ಎರಡೂ ಇದೆಯೇ ಅಂತ ಅಂಗಡಿಯವರ ಬಾಯಲ್ಲಿ ಹೇಳಿಸಿ. 3300ದ್ದು ವೇಗ ಹೆಚ್ಚು, ಆದರೆ ದೂರ ಹೋಗುವುದಿಲ್ಲ, ಗೋಡೆ ದಾಟಲು ತಿಣುಕುತ್ತದೆ. 700 ಅಷ್ಟು ಓಡುವುದಿಲ್ಲ, ಆದರೆ ಹೊಲದ ಮನೆಯವರೆಗೂ ಬರುತ್ತದೆ. ಖಾಸಗಿ ಕಂಪನಿಗಳಲ್ಲಿ ಸದ್ಯಕ್ಕೆ ಅದು ಇರುವುದು ಜಿಯೋದವರ ಬಳಿ ಮಾತ್ರ.

ಕೊನೆಯ ಅರ್ಜಿ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗನ ತಾಯಿಯದು. ಅವನು ಸಿಗ್ನಲ್ಲಿಗಾಗಿ ನಾಲೆಯ ಏರಿಯ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂರುವುದನ್ನು ನೀವೆಲ್ಲ ನೋಡಿದ್ದೀರಿ. ಅವನ ಅಗತ್ಯ ನಿಜವಾದದ್ದು. ಆದರೆ ಊರಿಗೇ ಬಾರದ 5ಜಿಯ ಫೋನು ಅವನಿಗೆ ಏನು ಮಾಡೀತು? ಅವನಿಗೆ ಬೇಕಾದದ್ದು ಮನೆಗೆ ಫೈಬರ್. ತಿಂಗಳಿಗೆ 450-500 ರೂಪಾಯಿಯ ಸುಮಾರಿಗೆ ಸಿಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಅಂತ ಫೈಬರ್ ಎಳೆಯುವ ಯೋಜನೆ 2011ರಿಂದ ಇದೆ. ಪಂಚಾಯಿತಿಯ ತುದಿಯಲ್ಲಿ ಅದು ಜೀವಂತ ಇದೆಯೋ ಧೂಳು ಹಿಡಿದಿದೆಯೋ ನೋಡಬೇಕು. ಒಬ್ಬ ಹುಡುಗ ಅರ್ಜಿ ಕೊಟ್ಟರೆ ಯಾರೂ ಬರುವುದಿಲ್ಲ. ಹತ್ತು ಮನೆಯವರು ಸೇರಿ ಕೊಟ್ಟರೆ ತಂತಿ ಎಳೆಯುವವರಿಗೂ ಗಿಟ್ಟುತ್ತದೆ. ಗ್ರಂಥಾಲಯದ ಅರಿವು ಕೇಂದ್ರಕ್ಕೂ ಅದರಲ್ಲೇ ಒಂದು ಕೊಂಡಿ ಕೇಳಿ. ಸಂಘಕ್ಕೆ ದುಡ್ಡು ಹಾಕಲೇಬೇಕೆನಿಸಿದರೆ ಆ ಮೊದಲ ಕೆಲವು ತಿಂಗಳ ಬಾಡಿಗೆಗೆ ಹಾಕಿ. ಹನ್ನೆರಡು ಜೇಬಿಗೆ ಹೋಗುವುದು ಒಂದೇ ಕೋಣೆಗೆ ಬಂದರೆ ಎಲ್ಲ ಮಕ್ಕಳೂ ಅಲ್ಲಿ ಕೂರಬಹುದು. ದಾಸೋಹ ಎಂಬ ಮಾತನ್ನು ಇಲ್ಲಿ ತಂದರೆ ಹಿರಿಯರು ತಪ್ಪು ತಿಳಿಯಲಾರರು ಅಂದುಕೊಂಡಿದ್ದೇನೆ.

ನಿಮ್ಮೂರಿಗೆ 5ಜಿ ಬಂತು ಅಂತ ಯಾರಾದರೂ ಹೇಳಿದರೆ ಕೂಡಲೇ ಅಂಗಡಿಗೆ ಹೋಗಬೇಡಿ. ಈಗಾಗಲೇ ಫೋನು ಇರುವ ಒಬ್ಬ ಹುಡುಗನನ್ನು ಮನೆಗೆ ಕರೆಯಿರಿ. ಅಂಗಳದಲ್ಲಿ, ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ಹೊಲದ ಬದುವಿನ ಮೇಲೆ ನಿಲ್ಲಿಸಿ ವೇಗ ಅಳೆಯಿರಿ. ಬೆಳಿಗ್ಗೆ ಒಮ್ಮೆ, ಊರೆಲ್ಲ ಧಾರಾವಾಹಿ ನೋಡುವ ರಾತ್ರಿ ಎಂಟಕ್ಕೆ ಒಮ್ಮೆ. ಪರದೆಯ ಮೇಲೆ 5ಜಿ ಅಂತ ಕಂಡ ಮಾತ್ರಕ್ಕೆ ನಂಬಬೇಡಿ, 4ಜಿಯ ಬೆನ್ನ ಮೇಲೆ ಕೂತಿರುವ ಕಡೆ ಕೆಲಸ ಮಾಡದಿದ್ದರೂ ಆ ಗುರುತು ತೋರಿಸುವುದುಂಟು.

ನನ್ನ ಅಕ್ಕ ಆಗಿನಿಂದ ನನ್ನ ಕಡೆ ನೋಡುತ್ತಿದ್ದಾಳೆ, ಮಾತು ಉದ್ದವಾಯಿತು ಅಂತ. ನಾಳೆ ಬೆಳಿಗ್ಗೆ ಹತ್ತಕ್ಕೆ ಅರಿವು ಕೇಂದ್ರದಲ್ಲಿ ಇರುತ್ತೇನೆ. 5ಜಿ ಫೋನು ಈಗಾಗಲೇ ಕೊಂಡವರು ತನ್ನಿ, 4ಜಿಗೆ ಇಳಿಸುವುದು ಹೇಗೆ ಅಂತ ತೋರಿಸುತ್ತೇನೆ. ಫೈಬರಿನ ಅರ್ಜಿಗೆ ಸಹಿ ಹಾಕುವವರು ಆಧಾರ್ ಪ್ರತಿ ತನ್ನಿ, ಹತ್ತು ಮನೆ ಬೇಕು, ಈವರೆಗೆ ಆರಾಗಿದೆ. ಚಾರ್ಜರ್ ಮರೆಯಬೇಡಿ.